ಅಂಗಳದ ರಂಗವಲ್ಲಿ ಮತ್ತು ಸರ್ವಸಮತೆಯ ಅರಿವು

ಜನಪದ ಕಲೆಯನ್ನು ಕೇವಲ ಅಲಂಕಾರವೆಂದು ಬಗೆಯುವ ರೂಢಿ ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ರಂಗವಲ್ಲಿಯನ್ನು ಆಚರಣೆಯ ಅಂಗವಾಗಿ ದಾಖಲಿಸಿದಷ್ಟು, ಅದರೊಳಗಿನ ಲೆಕ್ಕವನ್ನು ಒಂದು ಜ್ಞಾನಪರಂಪರೆಯಾಗಿ ನಾವು ಗಮನಿಸಿಲ್ಲ. ಆ ಲೆಕ್ಕದ ಒಂದು ಎಳೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಒಂದು ಆಕೃತಿಯನ್ನು ಮತ್ತೊಂದರ ಮೇಲಿಟ್ಟಾಗ ಎರಡೂ ಪೂರ್ಣವಾಗಿ ಹೊಂದಿದರೆ ಅವು ಸರ್ವಸಮ. ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿನಲ್ಲಿ ತನ್ನ 'ಎಲಿಮೆಂಟ್ಸ್' ಕೃತಿಯ ಮೊದಲ ಭಾಗದ 4ನೆಯ ಪ್ರಮೇಯವನ್ನು ಸಾಧಿಸಿದ್ದು ಹೀಗೆ ತ್ರಿಭುಜದ ಮೇಲೆ ತ್ರಿಭುಜವನ್ನಿಟ್ಟೇ. 1872ರಲ್ಲಿ ಜರ್ಮನಿಯ ಫೆಲಿಕ್ಸ್ ಕ್ಲೈನ್, ಪರಿವರ್ತನೆಗೊಳಗಾದರೂ ಬದಲಾಗದೆ ಉಳಿಯುವ ಗುಣಗಳ ಅಧ್ಯಯನವೇ ರೇಖಾಗಣಿತವೆಂದು ವಿವರಿಸಿದನು. ಜರುಗಿಸುವುದು, ತಿರುಗಿಸುವುದು, ಕನ್ನಡಿಯಲ್ಲಿ ಕಂಡಂತೆ ಮಗುಚುವುದು ಎಂಬ ಮೂರು ಪರಿವರ್ತನೆಗಳಲ್ಲಿ ಉದ್ದವೂ ಕೋನವೂ ಕೆಡುವುದಿಲ್ಲ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬೀದಿಗಳಲ್ಲಿ ಸಂಕ್ರಾಂತಿಯ ಬೆಳಗ್ಗೆ ಕಾಣುವ ಚುಕ್ಕಿ ರಂಗವಲ್ಲಿಯನ್ನು ಈ ದೃಷ್ಟಿಯಿಂದ ನೋಡಬೇಕು. ನಡುವಿನ ಸಾಲಿಗೆ 7 ಚುಕ್ಕಿ, ಮೇಲಕ್ಕೂ ಕೆಳಕ್ಕೂ ಸಂದಿನಲ್ಲಿ 6, 5, 4 ಎಂದು ಇಳಿಸಿದರೆ ಒಟ್ಟು 37 ಚುಕ್ಕಿಗಳ ಷಟ್ಕೋನ ಏರ್ಪಡುತ್ತದೆ. ಚುಕ್ಕಿಗಳ ಅಂತರ ಎಲ್ಲೆಡೆ ಸಮನಾಗಿದ್ದರೆ, ನಡುಚುಕ್ಕಿಯ ಸುತ್ತ 60 ಡಿಗ್ರಿ ತಿರುಗಿಸಿದಾಗ ಪ್ರತಿ ಚುಕ್ಕಿಯೂ ಮತ್ತೊಂದರ ಸ್ಥಾನಕ್ಕೆ ಬರುತ್ತದೆ. ಚುಕ್ಕಿಗಳನ್ನು ಕೂಡಿಸುವ ಗೆರೆಗಳೂ ಹಾಗೆಯೇ ಹೊಂದಿದರೆ ಆರು ದಳಗಳೂ ಸರ್ವಸಮ, ಅಳತೆಪಟ್ಟಿ ಬೇಕಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಪಠ್ಯಪುಸ್ತಕದಲ್ಲಿ ಆಕೃತಿ ತಿರುಗುತ್ತದೆ, ನೋಡುವವರು ನಿಂತಲ್ಲೇ ಇರುತ್ತಾರೆ. ಅಂಗಳದಲ್ಲಿ ಹಿಟ್ಟಿನ ಗೆರೆಯನ್ನು ಎತ್ತಿ ತಿರುಗಿಸಲಾಗದು. ಆದ್ದರಿಂದ ಬಿಡಿಸುವ ಹೆಣ್ಣೇ ಅದರ ಸುತ್ತ ಸರಿಯುತ್ತಾಳೆ, ಕೈ ಅದೇ ಚಲನೆಯನ್ನು ಮತ್ತೆ ಮಾಡುತ್ತದೆ. ಎದುರುಬದುರಾದ ಗಿಳಿಗಳ ಜೋಡಿ ಬರೆಯುವಾಗ ಮಾತ್ರ ಇದು ಸಾಲದು. ಎಷ್ಟು ತಿರುಗಿಸಿದರೂ ಎಡದ ಗಿಳಿ ಬಲದ ಗಿಳಿಯ ಮೇಲೆ ಕೂರುವುದಿಲ್ಲ, ಮಗುಚಲೇಬೇಕು. ಈ ಮಗುಚುವಿಕೆ ಧಾರವಾಡ ಸೀಮೆಯ ಕಸೂತಿಯಲ್ಲಿ ಕಣ್ಣಿಗೇ ಕಾಣುತ್ತದೆ: ಗಂಟು ಹಾಕದೆ ಹೋಗಿಬರುವ ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಹಿಂಬದಿ ಮುಂಬದಿಯ ಕನ್ನಡಿಬಿಂಬವಾಗುತ್ತದೆ.

ಇದು ಪ್ರಮೇಯದ ಸಾಧನೆಯೆಂದು ವಾದಿಸುವುದು ಅತಿಯಾದೀತು. ಸಾಧನೆಗೆ 'ಏಕೆ' ಎಂಬುದರ ನಿರೂಪಣೆ ಬೇಕು. ಇಲ್ಲಿರುವುದು 'ಹೇಗೆ' ಎಂಬುದರ ಖಚಿತ ಅರಿವು. ಆದರೂ ಆ ಅರಿವು ಶಾಸ್ತ್ರದ ಗಮನಕ್ಕೆ ಅರ್ಹವೆಂಬುದು ನೆರೆಯ ತಮಿಳುನಾಡಿನಲ್ಲಿ ಸಿದ್ಧವಾಗಿದೆ. ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು 1974ರಲ್ಲಿ ಕೋಲಂ ವಿನ್ಯಾಸಗಳನ್ನು ಚಿತ್ರವ್ಯಾಕರಣದ ನಿಯಮಗಳಿಗೆ ಅಳವಡಿಸಿ ಪ್ರಕಟಿಸಿದರು.

ಇಂದು ನಗರದ ಅಂಗಳ ಕಿರಿದಾಗಿದೆ. ಉರುಳುವ ಕೊಳವೆ ಒಂದೇ ನಮೂನೆಯನ್ನು ಸಾಲಾಗಿ ಜರುಗಿಸಬಲ್ಲದು. ಅಂಟುಚಿತ್ರವಂತೂ ಸಿದ್ಧ ಫಲವನ್ನೇ ನೀಡುತ್ತದೆ. ಎರಡರಲ್ಲೂ ಸಮತೆಯಿದೆ, ಅದನ್ನು ಸಾಧಿಸುವ ಕೈ ಇಲ್ಲ. ನಮ್ಮ ದಾಖಲೀಕರಣವೂ ಮುಗಿದ ರಂಗವಲ್ಲಿಯ ಛಾಯಾಚಿತ್ರಕ್ಕೆ ನಿಂತರೆ ಇದೇ ನಷ್ಟವನ್ನು ಉಂಟುಮಾಡುತ್ತದೆ. ಚುಕ್ಕಿಯಿಟ್ಟ ಕ್ರಮ, ಗೆರೆಯ ಮೊದಲು, ಬಿಡಿಸುವವಳು ತಿರುಗಿದ ದಿಕ್ಕು ಇವನ್ನೂ ಬರೆದಿಟ್ಟಾಗ ಮಾತ್ರ ಚಿತ್ರದೊಡನೆ ಅದರ ಜ್ಞಾನವೂ ಉಳಿದೀತು.