ಕಜ್ಜಿನಾಯಿ ಎಂಬ ಹೆಸರಿನ ಹಿಂದೆ

ಕನ್ನಡದ ಬೈಗುಳಗಳಲ್ಲಿ ‘ಕಜ್ಜಿನಾಯಿ’ಗೆ ಮುಂದಿನ ಸಾಲಿನಲ್ಲೇ ಜಾಗ. ಕೂದಲುದುರಿ, ಚರ್ಮ ಕಪ್ಪಿಟ್ಟು, ಹಗಲಿರುಳೂ ಕೆರೆದುಕೊಳ್ಳುವ ನಾಯಿಯನ್ನು ಕಂಡರೆ ವಿಜಯಪುರದ ಓಣಿಗಳಲ್ಲಾಗಲಿ, ತಿಕೋಟಾ, ಬಬಲೇಶ್ವರದ ತೋಟದ ವಸ್ತಿಗಳಲ್ಲಾಗಲಿ ತೀರ್ಪು ಒಂದೇ: ಕಜ್ಜಿ ಹತ್ತಿದೆ, ಆಚೆ ಅಟ್ಟಿ. ಹೀಗೆ ಅಟ್ಟಿಸಿಕೊಂಡ ನಾಯಿಗಳಿಗೆಲ್ಲ ಕಜ್ಜಿಯೇ ಇರಬೇಕೆಂದಿಲ್ಲ. ಕೆಲವಕ್ಕೆ ಇರುವುದು ಅಲರ್ಜಿ. ಅದು ಒಂದರಿಂದ ಇನ್ನೊಂದಕ್ಕೆ ಅಂಟುವ ರೋಗವೇ ಅಲ್ಲ. ಈ ಎರಡನ್ನು ಬೇರ್ಪಡಿಸಲು ವೈದ್ಯಶಾಸ್ತ್ರಕ್ಕೂ ಬಹಳ ಕಾಲ ಹಿಡಿಯಿತು. ಸ್ವಾರಸ್ಯವೆಂದರೆ, ಅಲರ್ಜಿಯ ಮೊದಲ ಪಾಠಗಳನ್ನು ಮನುಷ್ಯ ಕಲಿತದ್ದು ನಾಯಿಯಿಂದಲೇ.

1901ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ತ್ಯೇ ಅವರು ಮೊನಾಕೊ ದೊರೆ ಒಂದನೇ ಆಲ್ಬರ್ಟನ ಹಡಗಿನಲ್ಲಿ ಕಡಲಜೀವಿಗಳ ವಿಷವನ್ನು ಕುರಿತು ಪ್ರಯೋಗ ನಡೆಸಿದರು. ಪ್ಯಾರಿಸಿಗೆ ಮರಳಿದ ಮೇಲೆ ಅಂಥದೇ ವಿಷವನ್ನು ನಾಯಿಗಳಿಗೆ ಸ್ವಲ್ಪಸ್ವಲ್ಪವೇ ಚುಚ್ಚಿ, ಅವುಗಳ ದೇಹ ಅದನ್ನು ತಾಳಿಕೊಳ್ಳಲು ಕಲಿಯುತ್ತದೆಯೇ ಎಂದು ನೋಡಿದರು. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ ಮೊದಲ ಚುಚ್ಚುಮದ್ದಿಗೆ ಜಗ್ಗಲಿಲ್ಲ. ಮೂರು ವಾರ ಕಳೆದ ಮೇಲೆ, 1902ರಲ್ಲಿ, ಅಷ್ಟೇ ಪ್ರಮಾಣವನ್ನು ಮತ್ತೆ ಕೊಟ್ಟರು. ಕೆಲವೇ ಕ್ಷಣಗಳಲ್ಲಿ ಅದಕ್ಕೆ ಏದುಸಿರು ಹತ್ತಿತು. ನಿಲ್ಲಲಾರದೆ ಬಿದ್ದು, ಭೇದಿಯಾಗಿ, ರಕ್ತ ಕಾರಿ, 25 ನಿಮಿಷಗಳಲ್ಲಿ ಸತ್ತುಹೋಯಿತು. ವಿಷವನ್ನು ಎದುರಿಸಲು ಕಲಿಯಬೇಕಾಗಿದ್ದ ದೇಹ ತನ್ನನ್ನೇ ಹೊಡೆದುಕೊಂಡಿತ್ತು. ರಿಷೆ ಇದನ್ನು ಅನಾಫಿಲಾಕ್ಸಿಸ್ ಎಂದು ಕರೆದ. 1913ರಲ್ಲಿ ನೊಬೆಲ್ ಬಹುಮಾನ ಬಂತು, ಅವನೊಬ್ಬನಿಗೇ.

‘ಅಲರ್ಜಿ’ ಎಂಬ ಪದವನ್ನು ಟಂಕಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ. ‘ಮೈಗೆ ಒಗ್ಗಲಿಲ್ಲ’ ಎಂಬ ನಮ್ಮ ಮಾತು ಅದರ ಅರ್ಥಕ್ಕೆ ತೀರ ಹತ್ತಿರ. ಕನ್ನಡದಲ್ಲಿ ‘ಒಗ್ಗದಿಕೆ’ ಎಂಬ ಪದವೂ ಅದರಿಂದಲೇ ಹುಟ್ಟಿತು. ಇಷ್ಟಾದರೂ ನಾಯಿಗೆ ತಾನಾಗಿಯೇ ಅಲರ್ಜಿ ಬರಬಹುದೆಂದು ವಿವರವಾಗಿ ದಾಖಲಾದದ್ದು 1941ರಲ್ಲಿ. ಅಮೆರಿಕದ ಮಿನಿಯಾಪೊಲಿಸ್ ನಗರದ ವೈದ್ಯ ಫ್ರೆಡ್ ವಿಟಿಕ್, ಒಂದು ನಾಯಿಗೆ ಗಿಡದ ಪರಾಗ ಒಗ್ಗುತ್ತಿಲ್ಲವೆಂದು ತೋರಿಸಿಕೊಟ್ಟ. ನೆಪ್ಚೂನ್ ಸತ್ತು ಆಗಲೇ ನಾಲ್ಕು ದಶಕ ಸಮೀಪಿಸಿತ್ತು!

ನಮ್ಮ ಸೀಮೆಗೆ ನಾಯಿ ಹೊಸದಲ್ಲ. ಮುಧೋಳ ನಾಯಿಯ ತವರೂರು 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವವರೆಗೆ ವಿಜಯಪುರ ಜಿಲ್ಲೆಯಲ್ಲೇ ಇತ್ತು. 2005ರಲ್ಲಿ ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯೂ ಬಂದಿದೆ. ಇಂಥ ಗಿಡ್ಡ ಕೂದಲಿನ ನಾಯಿಯ ಮೈಮೇಲೆ ಸಣ್ಣ ಗಂದೆಯೂ ಎದ್ದು ಕಾಣುತ್ತದೆ. ಕಾಣುವುದು ಸುಲಭ, ಗುರುತಿಸುವುದು ಕಷ್ಟ.

ಕಜ್ಜಿ ಒಂದು ನುಸಿಯಿಂದ ಬರುತ್ತದೆ. ಕಿವಿಯ ಅಂಚು, ಮೊಣಕೈಗಳಲ್ಲಿ ಹಕ್ಕಳೆಗಟ್ಟುವುದು ಅದರ ಲಕ್ಷಣ. ಮನೆಯವರಿಗೂ ಕಡಿತ ಶುರುವಾದರೆ ಅನುಮಾನ ಬಲವಾಗುತ್ತದೆ. ಅಲರ್ಜಿಯ ನಾಯಿ ಪಾದ ನೆಕ್ಕುತ್ತಲೇ ಇರುತ್ತದೆ, ಕಿವಿ ಕೊಡವುತ್ತದೆ, ಕಂಕುಳು, ತೊಡೆಸಂದು, ಹೊಟ್ಟೆ ಕೆಂಪಾಗುತ್ತವೆ. ಪರಾಗ, ಧೂಳಿನ ನುಸಿಗಳ ಅಲರ್ಜಿ ಸಾಮಾನ್ಯವಾಗಿ ಆರು ತಿಂಗಳಿನಿಂದ ಮೂರು ವರ್ಷದೊಳಗೆ ತಲೆದೋರುತ್ತದೆ. ಬಾಲದ ಬುಡ, ಸೊಂಟದ ಮೇಲೆ ಕೂದಲುದುರಿದ್ದರೆ ಚಿಗಟವನ್ನು ಹುಡುಕಬೇಕು. ಅದರ ಜೊಲ್ಲು ಒಗ್ಗದ ನಾಯಿಗೆ ಒಂದೆರಡು ಕಡಿತವೇ ಸಾಕು. ಇನ್ನು ರೊಟ್ಟಿಯ ಜತೆ ದಿನವೂ ಹಾಕುವ ಹಾಲು, ಕೋಳಿಮಾಂಸ, ಗೋಧಿ ಕೂಡ ಕೆಲವಕ್ಕೆ ಒಗ್ಗುವುದಿಲ್ಲ. ಇದನ್ನು ತಿಳಿಯಲು ನಾಯಿ ಎಂದೂ ತಿನ್ನದ ಆಹಾರವೊಂದನ್ನೇ ವೈದ್ಯರ ಸಲಹೆಯಂತೆ ಎಂಟು ವಾರ ಕೊಟ್ಟು, ಮತ್ತೆ ಹಳೆಯದಕ್ಕೆ ಮರಳಿ ನೋಡಬೇಕು. ನಡುವೆ ಒಂದು ಬಿಸ್ಕತ್ತು ಹಾಕಿದರೂ ಲೆಕ್ಕ ತಪ್ಪಿತು.

ದ್ರಾಕ್ಷಿಯ ಸೀಮೆಯಲ್ಲಿ ಇನ್ನೊಂದು ಮಾತು ಹೇಳಲೇಬೇಕು. ತಿಕೋಟಾ ಸುತ್ತಿನ ಒಣಗಿಸುವ ಶೆಡ್ಡುಗಳಲ್ಲಿ ಉದುರಿದ ಮಣೂಕ ತಿಂದ ನಾಯಿ ವಾಂತಿ ಮಾಡಿಕೊಂಡರೆ ಅದು ಅಲರ್ಜಿಯಲ್ಲ, ವಿಷ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಕಾಯುತ್ತ ಕೂರುವ ಹೊತ್ತಲ್ಲ ಅದು.

ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಕೆರೆಯುವ ನಾಯಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವ ರೂಢಿ ಇನ್ನೂ ಉಂಟು. ಅದು ಉರಿಯುತ್ತಿರುವ ಚರ್ಮವನ್ನು ಮತ್ತಷ್ಟು ಸುಡುತ್ತದೆ. ನಾಯಿ ನೆಕ್ಕಿದಾಗ ಹೊಟ್ಟೆಗೂ ಇಳಿಯುತ್ತದೆ. ಕುರಿಗೆಂದು ತಂದ ಚುಚ್ಚುಮದ್ದನ್ನು ಅಂದಾಜಿನಲ್ಲಿ ಕೊಡುವುದೂ ಅಪಾಯ. ಪಶುವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನುಸಿ ಒಮ್ಮೊಮ್ಮೆ ಕಣ್ಣು ತಪ್ಪಿಸುವುದರಿಂದ, ಅನುಮಾನವಿದ್ದರೆ ಕಜ್ಜಿಗೇ ಮೊದಲು ಔಷಧ ಕೊಟ್ಟು ನೋಡುವುದೂ ಉಂಟು. ವಿಚಿತ್ರವೆಂದರೆ, ನಾವು ಹೇಸುವ ಕಜ್ಜಿ ಪೂರ್ತಿ ವಾಸಿಯಾಗುತ್ತದೆ. ಅಲರ್ಜಿ ಹಾಗಲ್ಲ, ಅದನ್ನು ಹತೋಟಿಯಲ್ಲಿಟ್ಟುಕೊಂಡು ಬಾಳಿಸಬೇಕು. ಚಿಗಟ ನಿವಾರಣೆ, ವೈದ್ಯರು ಹೇಳಿದ ಶಾಂಪೂವಿನ ಸ್ನಾನ, ಹೊಲದಿಂದ ಬಂದಾಗ ಪಾದ, ಹೊಟ್ಟೆ ಒರೆಸುವುದು ಮೊದಲ ಕ್ರಮಗಳು. ಸ್ಟಿರಾಯ್ಡ್ ಬೇಗ ತುರಿಕೆ ನಿಲ್ಲಿಸುತ್ತದೆ, ಆದರೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಕೊಡುವ ಮಾತ್ರೆಯಲ್ಲ.

ಜೇನ್ನೊಣ, ಕಣಜ ಕಡಿದೋ ಇಂಜೆಕ್ಷನ್ ಆದ ಮೇಲೋ ಮುಖ ಊದಿ, ಒಮ್ಮೆಲೇ ವಾಂತಿ ಭೇದಿಯಾಗಿ ನಾಯಿ ಕುಸಿದರೆ, ಅದು ನೆಪ್ಚೂನ್‌ಗೆ ಆದದ್ದೇ. ಆಗ ನಿಮಿಷಗಳ ಲೆಕ್ಕ. ಮನೆಮದ್ದು ಹುಡುಕದೆ ನೇರ ಪಶು ಆಸ್ಪತ್ರೆಗೆ ಒಯ್ಯಬೇಕು.