ಬಾಂಬು ಬಿದ್ದದ್ದು ರಂಗೂನಿಗೆ, ಆರಿದ್ದು ನಮ್ಮೂರ ಬುಡ್ಡಿ

2025ರ ಮೇ 7ರಂದು ದೇಶದಲ್ಲೆಲ್ಲಾ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಯಿತಲ್ಲ, ಆವತ್ತು ಬೆಂಗಳೂರಿನ ಹಲಸೂರಿನಲ್ಲೂ ಸೈರನ್ ಕೂಗಿತು. ಕೇಂದ್ರ ಗೃಹ ಇಲಾಖೆಯ ಪಟ್ಟಿಯಲ್ಲಿ 244 ಜಿಲ್ಲೆಗಳಿದ್ದವು. ಬೆಂಗಳೂರು, ರಾಯಚೂರು ಅದರಲ್ಲಿದ್ದವು, ನಮ್ಮ ಮೈಸೂರು ಜಿಲ್ಲೆ ಇರಲಿಲ್ಲ. ಏರಿಳಿಯುವ ಸದ್ದು ಬಂದರೆ ಅಪಾಯ, ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು ಅಂತ ಟೀವಿಯವರು ಹೇಳಿಕೊಟ್ಟರು. ಈ ಪಾಠ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಿಂದಲೂ ಇದೇ ಪಾಠ. ಹಾಗಾದರೆ ಗಾವಡಗೆರೆಯಂಥ ಹೋಬಳಿ ಊರಿಗೆ ಈ ಪಾಠದಲ್ಲಿ ಯಾವತ್ತಾದರೂ ಜಾಗ ಇತ್ತಾ?

ಮೊದಲು ಇಂಗ್ಲೆಂಡಿನ ಕತೆ ನೋಡೋಣ, ಯಾಕೆಂದರೆ ನಮ್ಮ ಸರ್ಕಾರಗಳು ನಕಲು ಮಾಡಿದ್ದು ಅಲ್ಲಿಂದಲೇ. ಬಾಂಬರ್ ವಿಮಾನವನ್ನು ತಡೆಯುವುದು ಸಾಧ್ಯವಿಲ್ಲ ಅಂತ ಬಾಲ್ಡ್‌ವಿನ್ 1932ರಲ್ಲೇ ಪಾರ್ಲಿಮೆಂಟಿನಲ್ಲಿ ಹೇಳಿಬಿಟ್ಟಿದ್ದರು. 1937ರಲ್ಲಿ ವಿಮಾನ ದಾಳಿ ಮುನ್ನೆಚ್ಚರಿಕೆಯ ಕಾನೂನು ಬಂತು. ಎ.ಆರ್.ಪಿ. ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. 1938ರಲ್ಲಿ ಸುಮಾರು 3.8 ಕೋಟಿ ಗ್ಯಾಸ್ ಮುಖವಾಡ ಹಂಚಿದರು. 1939ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಸುಮಾರು 15 ಲಕ್ಷ ಮಕ್ಕಳು, ತಾಯಂದಿರನ್ನು ನಗರಗಳಿಂದ ಹಳ್ಳಿಗಳಿಗೆ ಸಾಗಿಸಿದರು. ಹಿತ್ತಿಲಲ್ಲಿ ಹೂಳುವ ತಗಡಿನ ಗೂಡುಗಳನ್ನು ಬಡವರಿಗೆ ಪುಕ್ಕಟೆ ಕೊಟ್ಟರು. ಆದರೆ ಹಿತ್ತಿಲೇ ಇಲ್ಲದ ಬಡವರು ಅದನ್ನು ಹೂಳುವುದೆಲ್ಲಿ?

ತಮಾಷೆ ನೋಡಿ, ಆ ವಿಷಾನಿಲ ಬರಲೇ ಇಲ್ಲ. ಬಂದದ್ದು ಬೆಂಕಿ ಮತ್ತು ಸಿಡಿಮದ್ದು. 1940ರ ಸೆಪ್ಟೆಂಬರಿನಿಂದ 1941ರ ಮೇ ತನಕ 40 ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಮಲಗಬಾರದು ಅಂತ ಸರ್ಕಾರ ಮೊದಲು ಹೇಳಿತ್ತು. ಜನ ಟಿಕೆಟ್ ಕೊಂಡು ಇಳಿದವರು ಹತ್ತಲೇ ಇಲ್ಲ! ಕೊನೆಗೆ ಸರ್ಕಾರವೇ ಅಲ್ಲಿ ಮಂಚ ಹಾಕಿಸಿಕೊಡಬೇಕಾಯಿತು. ಸರ್ಕಾರಕ್ಕೆ ಬಾಂಬಿಗಿಂತ ಹೆಚ್ಚು ಹೆದರಿಕೆ ಇದ್ದದ್ದು ಜನರ ಗಾಬರಿಯ ಬಗ್ಗೆ. ಕೆಲಸ ಬಿಟ್ಟು ಓಡಿಬಿಟ್ಟರೆ ಕಾರ್ಖಾನೆ ನಡೆಸುವವರು ಯಾರು?

ಆ ಹೆದರಿಕೆ ನಿಜವಾದದ್ದು ನಮ್ಮ ಕಡೆ. 1941ರ ಡಿಸೆಂಬರ್ 23ರಂದು ಜಪಾನಿನ ವಿಮಾನಗಳು ರಂಗೂನಿನ ಮೇಲೆ ಬಂದಾಗ ಎಷ್ಟೋ ಜನ ಬೀದಿಯಲ್ಲಿ ನಿಂತು ಆಕಾಶ ನೋಡುತ್ತಿದ್ದರಂತೆ. ಸಾವಿರಾರು ಜನ ಸತ್ತರು. ಬಂದರಿನ ಕೂಲಿಗಳಲ್ಲಿ ಬಹುಪಾಲು ಭಾರತೀಯರು, ಅವರು ಊರು ಬಿಟ್ಟು ಹೊರಟರು. ಬರ್ಮಾದಿಂದ ನಾಲ್ಕೈದು ಲಕ್ಷ ಜನ ಭಾರತದ ಕಡೆ ಬಂದರು, ಬಹಳಷ್ಟು ಜನ ಕಾಡುಬೆಟ್ಟ ದಾಟಿ ನಡೆದೇ ಬಂದರು. ದಾರಿಯಲ್ಲಿ ಸತ್ತವರೇ ಹತ್ತಾರು ಸಾವಿರ.

1942ರ ಏಪ್ರಿಲ್ 5ಕ್ಕೆ ಕೊಲಂಬೊ, 6ಕ್ಕೆ ವಿಶಾಖಪಟ್ಟಣ ಮತ್ತು ಕಾಕಿನಾಡ, 9ಕ್ಕೆ ಟ್ರಿಂಕೋಮಲಿ. ಮದರಾಸಿನಲ್ಲಿ ಸರ್ಕಾರವೇ ಕೆಲಸವಿಲ್ಲದವರು ಊರು ಬಿಡಿ ಅಂದಿತು, ಕಚೇರಿಗಳನ್ನು ಒಳನಾಡಿಗೆ ಸಾಗಿಸಿತು. ಬಾಂಬು ಬಿದ್ದು ಬೋನು ಒಡೆದರೆ ಗತಿಯೇನು ಅಂತ ಮೃಗಾಲಯದ ಸಿಂಹ, ಹುಲಿ, ಕರಡಿಗಳನ್ನು ಗುಂಡಿಟ್ಟು ಕೊಂದರು. ಆ ಏಪ್ರಿಲಿನಲ್ಲಿ ಮದರಾಸಿನ ಮೇಲೆ ಒಂದು ಬಾಂಬೂ ಬೀಳಲಿಲ್ಲ. 1943ರ ಅಕ್ಟೋಬರಿನಲ್ಲಿ ಒಂದು ವಿಮಾನ ಬಂದು ನಾಲ್ಕಾರು ಹಾಕಿ ಹೋಯಿತು, ಅಷ್ಟೇ.

ನಮ್ಮ ಮೈಸೂರು ಸಂಸ್ಥಾನಕ್ಕೂ ಚಿಂತೆಗೆ ಕಾರಣ ಇತ್ತು. ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಹಿಂದುಸ್ತಾನ್ ವಿಮಾನ ಕಾರ್ಖಾನೆಗೆ ಸಂಸ್ಥಾನವೂ ದುಡ್ಡು, ಜಮೀನು ಕೊಟ್ಟಿತ್ತು. 1942ರಲ್ಲಿ ಭಾರತ ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು, 1943ರಲ್ಲಿ ಅಮೆರಿಕನ್ ಸೈನ್ಯದ ವಿಮಾನಗಳ ರಿಪೇರಿ ಅಲ್ಲಿ ನಡೆಯತೊಡಗಿತು. ಶತ್ರುವಿಗೆ ಇದಕ್ಕಿಂತ ಒಳ್ಳೆಯ ಗುರಿ ಬೇಕೆ?

ಸರಿ, ಹಳ್ಳಿಗಳ ವಿಷಯಕ್ಕೆ ಬರುತ್ತೇನೆ. ಬ್ಲ್ಯಾಕ್ ಔಟ್ ಅಂದರೆ ಕಿಟಕಿಗೆ ಕಪ್ಪು ಪರದೆ, ಬೀದಿ ದೀಪ ಬಂದ್, ಮೋಟಾರಿನ ದೀಪಕ್ಕೆ ಅರ್ಧ ಕಪ್ಪು ಬಣ್ಣ. ಇದೆಲ್ಲ ಬೆಳಕು ಇದ್ದವರಿಗೆ ಹೇಳಿದ ಮಾತು. 1942ರಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯ ಬಹುಪಾಲು ಹಳ್ಳಿಗಳಿಗೆ ಕರೆಂಟೇ ಬಂದಿರಲಿಲ್ಲ. ಇದ್ದದ್ದು ಬುಡ್ಡಿ, ಲಾಂದ್ರ. ಬೆಳದಿಂಗಳಲ್ಲಿ ಮಿನುಗುವ ಕೆರೆಗೆ ಪರದೆ ಹಾಕೋದಕ್ಕಂತೂ ಯಾರಿಂದಲೂ ಆಗದು.

ಆದರೆ ಕತ್ತಲು ನಮಗೂ ಬಂತು, ಬೇರೆ ದಾರಿಯಲ್ಲಿ. ಆ ಬುಡ್ಡಿಗೆ ಹಾಕುವ ಸೀಮೆಎಣ್ಣೆಯ ದೊಡ್ಡ ಪಾಲು ಬರುತ್ತಿದ್ದದ್ದು ಬರ್ಮಾದಿಂದ. 1942ರ ಮಾರ್ಚ್ 8ಕ್ಕೆ ರಂಗೂನ್ ಬಿತ್ತು. ಶತ್ರುವಿಗೆ ಸಿಗಬಾರದು ಅಂತ ಸಿರಿಯಂನ ಎಣ್ಣೆ ಶುದ್ಧೀಕರಣ ಘಟಕವನ್ನು, ಏಪ್ರಿಲಿನಲ್ಲಿ ಯೆನಾಂಜಾಂಗ್ ಬಾವಿಗಳನ್ನು ಬ್ರಿಟಿಷರೇ ಸುಟ್ಟು ಹಾಕಿ ಹೊರಟರು. ಬರ್ಮಾದ ಅಕ್ಕಿಯೂ ನಿಂತಿತು. ಸೀಮೆಎಣ್ಣೆ ಇಲ್ಲದ ಮನೆಯಲ್ಲಿ ಮತ್ತೆ ಹೊಂಗೆ ಎಣ್ಣೆ, ಹರಳೆಣ್ಣೆ. ಆಮೇಲೆ ರೇಷನ್, ಲೆವಿ. ಸರ್ಕಾರದ ಅಳತೆ ಪಾತ್ರೆ ರೈತನ ಕಣದ ತನಕ ಬಂತು. ಸೈರನ್ ಕೇಳದ ಊರುಗಳಿಗೆ ಯುದ್ಧ ಮುಟ್ಟಿದ್ದು ಹೀಗೆ. ಇದಕ್ಕೆ ಎ.ಆರ್.ಪಿ. ಪಾಠದಲ್ಲಿ ಒಂದು ಸಾಲೂ ಇರಲಿಲ್ಲ.

ಆಮೇಲೂ ಕಲಿತೆವಾ? 1962, 1965ರ ಯುದ್ಧಗಳ ನಂತರ 1968ರಲ್ಲಿ ನಾಗರಿಕ ರಕ್ಷಣಾ ಕಾನೂನು ಬಂತು. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ದಾಳಿಯಾದಾಗ ಆಗ್ರಾದ ತಾಜಮಹಲಿಗೇ ಬಟ್ಟೆ ಹೊದಿಸಿದ್ದರು. ಈ ಎಲ್ಲಾ ಸಿದ್ಧತೆಯ ಲೆಕ್ಕ ಅಣೆಕಟ್ಟು, ಕಾರ್ಖಾನೆ, ವಿದ್ಯುತ್ ಸ್ಥಾವರ, ನಗರ. ತಪ್ಪು ಅಂತ ನಾನು ಹೇಳುವುದಿಲ್ಲ, ಬಾಂಬು ಬೀಳುವುದು ಅಲ್ಲೇ. ಗಾವಡಗೆರೆಯಲ್ಲಿ ಸೈರನ್ ಕಟ್ಟಿ ಅಂತಲೂ ಕೇಳುತ್ತಿಲ್ಲ.

ಆದರೆ ನಗರ ಗಾಬರಿಯಾದಾಗ ಜನ ಬರುವುದು ಹಳ್ಳಿಗೆ. 1942ರಲ್ಲಿ ರಂಗೂನು, ಮದರಾಸು, ಆ ಡಿಸೆಂಬರಿನಲ್ಲಿ ಕಲ್ಕತ್ತೆ, ಎಲ್ಲಾ ಕಡೆ ಅದೇ ಆಯಿತು. 2020ರಲ್ಲಿ ಯುದ್ಧವಿಲ್ಲದೆಯೇ ಲಾಕ್‌ಡೌನ್ ಬಂದಾಗಲೂ ಬೆಂಗಳೂರಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದದ್ದನ್ನು ನಾವೇ ನೋಡಿದೆವು. ಬಂದವರಿಗೆ ರಾಗಿ, ನೀರು, ಔಷಧಿ, ಮಕ್ಕಳಿಗೆ ಶಾಲೆ ಒದಗಿಸಬೇಕಾದದ್ದು ಹೋಬಳಿ ಊರುಗಳೇ. ಹಳ್ಳಿಯ ಮಟ್ಟಿಗೆ ಯುದ್ಧದ ಸಿದ್ಧತೆ ಅಂದರೆ ತುಂಬಿದ ನ್ಯಾಯಬೆಲೆ ಅಂಗಡಿ, ಡಾಕ್ಟರು ಇರುವ ಆಸ್ಪತ್ರೆ. ಯುದ್ಧ ಬಾರದಿದ್ದರೂ ಅದು ದಂಡವಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಆ ಕಾಲದ ಹಿರಿಯರು ಇನ್ನೂ ಇದ್ದರೆ ಒಮ್ಮೆ ಕೂರಿಸಿಕೊಂಡು ಕೇಳಿ. ಬಾಂಬಿನ ಬಗ್ಗೆ ಅಲ್ಲ, ಸೀಮೆಎಣ್ಣೆ ಎಷ್ಟು ಸಿಗುತ್ತಿತ್ತು, ಲೆವಿಗೆ ಎಷ್ಟು ರಾಗಿ ಅಳೆದರು ಅಂತ. ಅವರು ಹೇಳಿದ್ದನ್ನು ನಿಮ್ಮ ಪುಟದಲ್ಲಿ ಬರೆದಿಡಿ, ನನಗೂ ಒಂದು ಮಾತು ತಿಳಿಸಿ.