ಕ್ಯಾಸಿಯೊ ವಿಎಲ್-1
ಕ್ಯಾಸಿಯೊ ವಿಎಲ್-1 ಎಂಬುದು ಜಪಾನಿನ ಕ್ಯಾಸಿಯೊ ಸಂಸ್ಥೆಯು 1980ರ ದಶಕದ ಆರಂಭದಲ್ಲಿ ಮಾರಿದ, ಕ್ಯಾಲ್ಕುಲೇಟರನ್ನೂ ಒಳಗೊಂಡ, ಬ್ಯಾಟರಿಚಾಲಿತ ಕಿರು ಎಲೆಕ್ಟ್ರಾನಿಕ್ ಕೀಬೋರ್ಡ್. ಇದರ 29 ಕೀಲಿಗಳು ಕ್ಯಾಲ್ಕುಲೇಟರಿನ ಗುಂಡಿಗಳಂತಿದ್ದು, ಒಮ್ಮೆಗೆ ಒಂದೇ ಸ್ವರ ಹೊಮ್ಮುವುದರಿಂದ ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕ್ರಮ, ಸಾಧ್ಯವಿಲ್ಲ. ಸಿದ್ಧ ನಾದಗಳು ಐದು, ತಾಳವಿನ್ಯಾಸಗಳು ಹತ್ತು. ಸುಮಾರು 100 ಸ್ವರಗಳ ಧಾಟಿಯನ್ನು ಮೆಮೊರಿಯಲ್ಲಿ ಉಳಿಸಿ ಮರಳಿ ನುಡಿಸಬಹುದು. ವಾದ್ಯದ ನಿಜವಾದ ವೈಚಿತ್ರ್ಯವಿರುವುದು ಎಡಿಎಸ್ಆರ್ ಎಂಬ ಸೌಲಭ್ಯದಲ್ಲಿ: ನಾದದ ಮೂಲಬಗೆ, ಅದು ಏರುವ ಮತ್ತು ಇಳಿಯುವ ವೇಗ, ನಿಲ್ಲುವ ಅವಧಿ, ಕಂಪನ ಮೊದಲಾದವನ್ನು ಎಂಟು ಅಂಕಿಗಳ ಸಂಖ್ಯೆಯಾಗಿ ಕ್ಯಾಲ್ಕುಲೇಟರಿನ ಮೆಮೊರಿಗೆ ಸೇರಿಸಿದರೆ ಹೊಸ ನಾದ ಸಿದ್ಧವಾಗುತ್ತದೆಯಾದ್ದರಿಂದ, ಲೆಕ್ಕದ ಉತ್ತರವೂ ನಾದವಾಗಬಲ್ಲದು. ನೋಟಕ್ಕೆ ಆಟಿಕೆಯೇ ಆದರೂ, ಜರ್ಮನಿಯ ಟ್ರಿಯೊ ತಂಡವು 1982ರ ‘ದಾ ದಾ ದಾ’ ಗೀತೆಯಲ್ಲಿ ಇದರ ತಾಳವನ್ನು ಬಳಸಿದ್ದರಿಂದ ಇದು ಪ್ರಸಿದ್ಧವಾಯಿತು.